ಗಡಿಯಾರದ ತಾತನ ಹಿತ್ತಾಳೆ ವಾಷರು

ಆ ಬೀದಿಯಲ್ಲಿ ಅವರನ್ನು ಎಲ್ಲರೂ ಗಡಿಯಾರದ ತಾತ ಎಂದೇ ಕರೆಯುತ್ತಿದ್ದರು. ಯಾರಾದರೂ ಹೆಸರು ಹಿಡಿದು ಕರೆದರೆ, ಇದು ಯಾರನ್ನಪ್ಪಾ ಕರೆದದ್ದು ಎಂದು ಅವರೇ ಹಿಂದೆ ತಿರುಗಿ ನೋಡುತ್ತಿದ್ದರೋ ಏನೋ. ಹೊಲಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ ಮನೆ. ಕಡಿದಾದ ಮೆಟ್ಟಿಲು ಹತ್ತಿ ಹೋದರೆ ಒಂದು ಉದ್ದನೆಯ ಕೋಣೆ, ಹಿಂದೆ ಅಡುಗೆಮನೆ, ಪಕ್ಕಕ್ಕೆ ಗೂಡಿನಂಥ ಮಲಗುವ ಕೋಣೆ. ಉದ್ದನೆಯ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದರ ಕೆಳಗೆ ತಾತನ ಮೇಜು. ಮೊಣಕೈ ಊರಿ ಊರಿ ಆ ಮೇಜಿನ ಅಂಚು ಎರಡು ಕಡೆ ತಗ್ಗು ಬಿದ್ದಿತ್ತು. ಹೆಂಡತಿ ಅದರ ಮೇಲೆ ಬಟ್ಟೆ ಹಾಸಿದರೂ ಆ ಎರಡು ತಗ್ಗು ಎದ್ದು ಕಾಣುತ್ತಿದ್ದವು.

ತಾತನ ಕೆಲಸದಲ್ಲಿ ಅರ್ಧ ಕಣ್ಣಿನದು, ಅರ್ಧ ಕಿವಿಯದು. ಬಲಗಣ್ಣು ಮಂಜಾಗಿ ಬಹಳ ಕಾಲವಾಗಿತ್ತು. ಎಡಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಮೂಗಿನ ಹತ್ತಿರದ ವಸ್ತು ಚೆನ್ನಾಗಿ ಕಾಣುತ್ತಿತ್ತು; ಮಾರು ದೂರ ನಿಂತ ಮನುಷ್ಯ ಮಬ್ಬು ಮಬ್ಬು. ಕಿವಿ ಮಾತ್ರ ಹರೆಯದ್ದೇ. ಗೋಡೆಯ ತುಂಬ ತೂಗುಹಾಕಿದ ಗಡಿಯಾರಗಳಲ್ಲಿ ಯಾವುದೋ ಒಂದು, ಟಿಕ್ ಎಂದ ಮೇಲೆ ಟಕ್ ಎನ್ನಲು ಚೂರು ತಡ ಮಾಡಿದರೆ ಸಾಕು, ಊಟದ ನಡುವೆ ಕೈ ನಿಲ್ಲಿಸಿ, “ಮೂಲೆಯದು ಕುಂಟ್ತಾ ಇದೆ” ಅನ್ನುತ್ತಿದ್ದರು. ಹೆಂಡತಿಗೆ ಎಷ್ಟು ಕಿವಿಗೊಟ್ಟರೂ ಎಲ್ಲ ಒಂದೇ ಸಮ ಕೇಳುತ್ತಿತ್ತು.

“ನಾನು ಅಡುಗೆಮನೆಯಿಂದ ಕೂಗಿ ಕೂಗಿ ಗಂಟಲು ಹರ್ಕೊಂಡ್ರೂ ಕೇಳಲ್ಲ, ಗೋಡೆ ಮೇಲಿಂದು ಪಿಸುಗುಟ್ಟಿದ್ರೆ ಕೇಳ್ಸುತ್ತೆ ನಿಮಗೆ” ಎಂದು ಆಕೆಯ ದೂರು.

“ಅದು ದಿನಕ್ಕೊಂದು ಮಾತು ಬದಲಾಯಿಸಲ್ಲ ನೋಡು, ಅದಕ್ಕೆ” ಎಂದು ತಾತನ ಉತ್ತರ.

ಅದೇ ಕೋಣೆಯ ಎದುರು ಗೋಡೆಗೆ ಮಗಳ ಮೇಜು. ಇನ್ನೂ ಕಟ್ಟಿರದ ಕಟ್ಟಡಗಳ ಚಿತ್ರ ಮಾಡುವುದು ಅವಳ ಕೆಲಸ. ಪಾಯ ತೋಡುವ ಮೊದಲೇ ಆ ಮನೆಯ ಜಗಲಿಗೆ ಸಂಜೆಯ ಬಿಸಿಲು ಹೇಗೆ ಬೀಳುತ್ತದೆ, ಮೆಟ್ಟಿಲಿನ ಕೆಳಗೆ ನೆರಳು ಎಲ್ಲಿ ಕೂರುತ್ತದೆ ಎಂಬುದನ್ನೆಲ್ಲ ಅವಳ ಕಂಪ್ಯೂಟರು ಲೆಕ್ಕ ಹಾಕಿ ಚಿತ್ರ ಬಿಡಿಸುತ್ತಿತ್ತು. ಆ ಲೆಕ್ಕ ಹಾಕುವುದು ಪೆಟ್ಟಿಗೆಯೊಳಗಿನ ಗ್ರಾಫಿಕ್ಸ್ ಕಾರ್ಡು. ಇಟ್ಟಿಗೆಯಷ್ಟು ದಪ್ಪದ ವಸ್ತು, ಮೈಮೇಲೆ ಸಾಲಾಗಿ ಫ್ಯಾನುಗಳು. ಕೆಲಸ ಹೆಚ್ಚಿದಂತೆ ಅದು ಕಾಯುತ್ತಿತ್ತು, ಕಾದಂತೆ ಫ್ಯಾನು ಬಿರುಸಾಗುತ್ತಿತ್ತು, ಕೊನೆಗೆ ಕೋಣೆಯೊಳಗೆ ಹಿಟ್ಟಿನ ಗಿರಣಿಯೇ ಕೂತ ಹಾಗಾಗುತ್ತಿತ್ತು. ಒಂದು ಚಿತ್ರ ಮುಗಿಯುವ ತನಕ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಅಷ್ಟು ಹೊತ್ತು ಮಾಡಿದ್ದೆಲ್ಲ ನೀರುಪಾಲು. ಹೀಗೆ ಹಗಲೂ ರಾತ್ರಿಯೂ ಗಿರಣಿ ಓಡುತ್ತಲೇ ಇತ್ತು.

ತಾತ ಅದರ ಬಗ್ಗೆ ಒಂದು ಮಾತು ಆಡಿದವರಲ್ಲ. ಮಗಳಿಗೆ ಕೆಲಸವಿದೆ ಎಂಬ ಹೆಮ್ಮೆಯೇ ಅವರಿಗೆ ದೊಡ್ಡದು. ಆದರೆ ಅಷ್ಟರಲ್ಲಿ ಶಾಲೆಯ ಗಡಿಯಾರ ವಾಪಸು ಬಂತು.

ಮುಂದಿನ ಬೀದಿಯ ಶಾಲೆಯ ಗೋಡೆ ಗಡಿಯಾರ ಅದು, ಕೀಲಿ ಕೊಟ್ಟು ಓಡಿಸುವಂಥದ್ದು, ಲೋಲಕವಿಲ್ಲದ್ದು; ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಎತ್ತಬೇಕು. ತಾತ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಕಳಿಸಿದ್ದರು. ಶಾಲೆಯ ಜವಾನ ಅದನ್ನು ಮತ್ತೆ ಹೊತ್ತು ತಂದು, “ನಿಂತೋಗುತ್ತೆ ತಾತ. ಯಾವಾಗ್ಲೂ ಅಲ್ಲ, ಅದಕ್ಕೆ ಮನಸ್ಸು ಬಂದಾಗ” ಎಂದ. ತಾತ ಮತ್ತೆ ನೋಡಿದರು, ಮತ್ತೆ ಕಳಿಸಿದರು. ಅದು ಮತ್ತೆ ಬಂತು. ಅವರ ಕೈಯಿಂದ ಹೋದ ಗಡಿಯಾರ ಹೀಗೆ ತಿರುಗಿ ತಿರುಗಿ ಬಂದದ್ದು ಹಿಂದೆಂದೂ ಇರಲಿಲ್ಲ. ಇಂಥ ಕಾಯಿಲೆಯ ಗಡಿಯಾರವನ್ನು ಒಂದು ಸಲ ಕೇಳಿ ಬಿಟ್ಟರಾಗದು. ಜ್ವರದ ಮಗುವಿನ ಪಕ್ಕ ಕೂತ ಹಾಗೆ ಬೇರೆ ಕೆಲಸ ಮಾಡುತ್ತಲೇ ಅದರ ಮೇಲೆ ಇಡೀ ದಿನ ಕಿವಿ ಇಟ್ಟಿರಬೇಕು. ಕುಂಟಿದ ಗಳಿಗೆಯಲ್ಲೇ ಹಿಡಿಯಬೇಕು. ಫ್ಯಾನಿನ ಸದ್ದಿನಲ್ಲಿ ತಾತನಿಗೆ ತಮ್ಮ ಕೆಮ್ಮೇ ಸರಿಯಾಗಿ ಕೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, “ಮೇಜನ್ನ ಕನ್ನಡಕದವನಿಗೆ ಕೊಟ್ಬಿಡ್ತೀನಿ. ಸೋಮವಾರ ಅವನ ಅಂಗಡಿಗೆ ರಜ, ಬೆಳಿಗ್ಗೆ ಗಾಡಿ ತರ್ತಾನಂತೆ” ಎಂದರು. ಬೀದಿಯ ಕೊನೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದವರು ಅವರ ಹಳೆಯ ಗೆಳೆಯರು. “ಕಣ್ಣು ಸೋತಿದೆ. ಇನ್ನು ಸಾಕು.”

ಮಗಳು ತಟ್ಟೆಯಿಂದ ತಲೆ ಎತ್ತಿದಳು. ತಾಯಿ ಮಾತಾಡಿದ್ದು ಆಮೇಲೆ, ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುತ್ತ. ಆ ಹೊತ್ತು ಮಗಳ ಪೆಟ್ಟಿಗೆ ಒಂದು ಚಿತ್ರ ಮುಗಿಸಿ ಸ್ವಲ್ಪ ಉಸಿರು ತೆಗೆದುಕೊಳ್ಳುತ್ತಿದ್ದುದರಿಂದ ತಾತನಿಗೆ ಎಲ್ಲವೂ ಕೇಳಿತು.

“ಕಣ್ಣೂ ಇಲ್ಲ ಮಣ್ಣೂ ಇಲ್ಲ. ನಿನ್ನ ಪೆಟ್ಟಿಗೆ ಸದ್ದಿಗೆ ಅವರಿಗೆ ಗಡಿಯಾರ ಕೇಳ್ಸಲ್ಲ, ಅಷ್ಟೇ. ಬಾಯಿಬಿಟ್ಟು ಹೇಳ್ತಾರಾ? ಅದೂ ಇಲ್ಲ. ಮೇಜು ಹೋದ್ರೆ ಮನುಷ್ಯ ಎಲ್ಲಿ ಕೂತ್ಕೋತಾರೆ ಹೇಳು.”

ಪಾತ್ರೆಯ ಸದ್ದು ನಿಂತಿತು. ತಾತ ಕೈಯಲ್ಲಿದ್ದ ಚಿಮಟವನ್ನು ಸುಮ್ಮನೆ ತೆರೆದು ಮುಚ್ಚಿ ಮಾಡುತ್ತ ಕೂತರು.

ಭಾನುವಾರ ಬೆಳಿಗ್ಗೆ ಮಗಳು ಕಂಪ್ಯೂಟರನ್ನು ಪೂರ್ತಿ ಆರಿಸಿ, ಒಂದು ರಟ್ಟಿನ ಡಬ್ಬ ತಂದು ತಾತನ ಮೇಜಿನ ಮೇಲೇ ಇಟ್ಟಳು.

“ಅಪ್ಪಾ, ಬೆಳಕು ಇಲ್ಲೇ ಚೆನ್ನಾಗಿದೆ. ಇವತ್ತು ನಿನ್ನ ಮೇಜು ನನಗೆ ಬೇಕು. ಈ ಕಾರ್ಡಿನ ಫ್ಯಾನೆಲ್ಲ ಕಿತ್ತುಹಾಕಿ ನೀರು ಹಾಯಿಸ್ತೀನಿ.”

“ಕರೆಂಟಿಗೆ ನೀರಾ?”

“ಕರೆಂಟಿಗೆ ಒಂದು ಹನಿನೂ ತಾಗಲ್ಲ. ನೋಡು, ಇದು ತಾಮ್ರದ ಗಟ್ಟಿ, ಒಳಗೆಲ್ಲ ಸಣ್ಣ ಸಣ್ಣ ಕಾಲುವೆ. ಇದನ್ನ ಕಾರ್ಡಿನ ಮೈಗೆ ಒತ್ತಿ ಕೂರಿಸೋದು. ನೀರು ಇದರೊಳಗೆ ಓಡಿ ಬಿಸಿನ ಹೊತ್ಕೊಂಡು ಹೋಗಿ ಪೆಟ್ಟಿಗೆ ಹಿಂದಿನ ಜಾಲರೀಲಿ ಆರುತ್ತೆ. ಆಮೇಲೆ ಬಿರುಸು ಫ್ಯಾನು ಬೇಕಿಲ್ಲ, ಸದ್ದೂ ಇಲ್ಲ.”

ಅಡುಗೆಮನೆಯ ಬಾಗಿಲಲ್ಲಿ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. “ನಾನು ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿದ್ರೆ ಅಪ್ಪ ಮಗಳು ಸೇರಿ ಮನೆ ಒಂದು ಮಾಡ್ತಿದ್ರಿ. ಈಗ ನೋಡಿದ್ರೆ ಒಳಗೇ ಕಾಲುವೆ ತೋಡ್ತಾರಂತೆ.”

ಮಗಳು ಸ್ಕ್ರೂ ಬಿಚ್ಚಿ, ಫ್ಯಾನಿನ ಚಿಪ್ಪನ್ನು ಮೆಲ್ಲಗೆ ಎಬ್ಬಿಸಿದಳು. ಒಳಗಿನ ಕರಿಯ ಹಲಗೆ ಕಿಟಕಿಯ ಬೆಳಕಿಗೆ ಬಂತು. ತಾತ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.

ಸಣ್ಣದು ಎಂದರೆ ಕೈಗಡಿಯಾರದೊಳಗಿನ ಕೆಂಪು ಕಲ್ಲು, ಅದಕ್ಕಿಂತ ಸಣ್ಣದನ್ನು ಮನುಷ್ಯ ಮುಟ್ಟುವುದಿಲ್ಲ ಎಂದು ಅವರು ನಂಬಿದ್ದರು. ಇಲ್ಲಿ ಗಸಗಸೆಯಷ್ಟು ಸಣ್ಣ ಕಂದು ತುಣುಕುಗಳು ಸಾಲು ಸಾಲಾಗಿ, ಒಂದೂ ವಕ್ರವಿಲ್ಲದೆ ಕೂತಿದ್ದವು. ಪ್ರತಿಯೊಂದರ ಎರಡೂ ತುದಿಗೆ ಬೆಳ್ಳಗೆ ಹೊಳೆಯುವ ಬೆಸುಗೆ. ನಟ್ಟನಡುವೆ ಕನ್ನಡಿಯಂಥ ಒಂದು ಚೌಕ. ಅದರಲ್ಲಿ ಕಿಟಕಿ ಕಾಣುತ್ತಿತ್ತು, ಕಿಟಕಿಯಾಚೆಯ ಮೋಡ ಕಾಣುತ್ತಿತ್ತು.

“ಎಲ್ಲ ಲೆಕ್ಕ ಹಾಕೋದು ಆ ಚೌಕನೇ ಅಪ್ಪ.”

“ಇದನ್ನೆಲ್ಲ ಕೂರಿಸಿದ ಕೈ ಯಾರದು ಪುಟ್ಟಿ?”

“ಕೈ ಎಲ್ಲಿ, ಯಂತ್ರ ಕೂರಿಸೋದು.”

“ಆ ಯಂತ್ರವನ್ನ ಕೂರಿಸಿದ ಕೈ?”

ಮಗಳು ನಕ್ಕಳು. ತಾತ ಉಸಿರು ಸೋಕದ ಹಾಗೆ ಬಾಯಿಗೆ ಅಂಗೈ ಅಡ್ಡ ಹಿಡಿದು ಮತ್ತೆ ಬಗ್ಗಿದರು. ತಮ್ಮ ಕೋಣೆಯಲ್ಲೇ, ಬೆನ್ನ ಹಿಂದೆಯೇ, ಇಂಥದ್ದೊಂದು ಇಷ್ಟು ದಿನ ಕೂತಿತ್ತು. ತಾವು ಅದನ್ನು ಗಿರಣಿ ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದರು.

ಮಗಳು ಬಿಸಿ ದಾಟಿಸುವ ಹಳೆಯ ಲೇಪವನ್ನು ಒರೆಸಿ, ಚೌಕದ ಮೇಲೆ ಹೊಸದು ಸವರಿದಳು, ಸುತ್ತಲಿನ ಕರಿಯ ಚಿಪ್‌ಗಳ ಮೇಲೆ ಮೆತ್ತನೆಯ ಪಟ್ಟಿ ಅಂಟಿಸಿದಳು. ತಾಮ್ರದ ಗಟ್ಟಿಯನ್ನು ಕೂರಿಸಿ, ಹಲಗೆಯನ್ನು ಬೆನ್ನು ಮೇಲಾಗಿ ಮಗುಚಿದಳು. “ಸ್ಕ್ರೂ ನೀನೇ ಬಿಗಿ ಅಪ್ಪ. ಹೆಚ್ಚು ಬಿಗಿದ್ರೆ ಚೌಕ ಬಿರುಕು ಬಿಡುತ್ತೆ, ಕಡಿಮೆ ಆದ್ರೆ ಬಿಸಿ ಇಳಿಯಲ್ಲ. ಎದುರುಬದುರಾಗಿ, ಚೂರು ಚೂರೇ. ನನ್ನ ಕೈಗಿಂತ ನಿನ್ನ ಕೈ ವಾಸಿ. ಅಷ್ಟರಲ್ಲಿ ನಾನು ಬ್ಯಾಟರಿ ಅಂಗಡಿಯಿಂದ ಶುದ್ಧ ನೀರು ತರ್ತೀನಿ.” ಸ್ಕ್ರೂಗಳನ್ನೂ, ಅವುಗಳ ತಲೆಯ ಕೆಳಗೆ ಹಾಕುವ ವಾಷರುಗಳನ್ನೂ ಒಂದು ಮುಚ್ಚಳದಲ್ಲಿ ಸುರಿದಿಟ್ಟು ಅವಳು ಮೆಟ್ಟಿಲಿಳಿದಳು.

ತಾತ ಒಂದು ವಾಷರನ್ನು ಚಿಮಟದಲ್ಲಿ ಎತ್ತಿ ನೋಡಿದರು. ಕರಿಯ ಪ್ಲಾಸ್ಟಿಕ್ಕು, ಕಾಗದದಷ್ಟು ತೆಳು.

ಅವರ ಕಸುಬಿನಲ್ಲಿ ಪ್ಲಾಸ್ಟಿಕ್ಕು ಎಂದರೆ ಬಿಸಾಡುವ ಗಡಿಯಾರ. ಹಲ್ಲು ಮುರಿದರೆ ತಿದ್ದುವ ಹಾಗಿಲ್ಲ, ಕಸದ ಬುಟ್ಟಿಗೆ ಹಾಕಬೇಕು. ಅಂಥ ಗಡಿಯಾರ ತಂದವರನ್ನು ಅವರು ಮೆಟ್ಟಿಲ ಮೇಲಿಂದಲೇ ವಾಪಸು ಕಳಿಸುತ್ತಿದ್ದರು. ಇಷ್ಟು ನಾಜೂಕಾದ ವಸ್ತುವಿಗೆ, ಮೋಡ ಕಾಣುವ ಕನ್ನಡಿಗೆ, ಈ ಚಿಲ್ಲರೆ ಚೂರೇ? ಅವರಿಗೆ ಮನಸ್ಸು ಒಪ್ಪಲಿಲ್ಲ. ಖಾನೆ ಎಳೆದು, ಹಿಂದಿನ ಮೂಲೆಯಿಂದ ಒಂದು ತಗಡಿನ ಡಬ್ಬಿ ತೆಗೆದರು. ಕೆಲಸ ಕಲಿಸಿದ ಗುರು ಕೊಟ್ಟು ಹೋದದ್ದು ಅದು. ಒಳಗೆ ಹತ್ತಿಯ ಮೇಲೆ ಹಿತ್ತಾಳೆಯ ವಾಷರುಗಳು, ಒಂದೊಂದೂ ಕೈಯಿಂದ ತಿಕ್ಕಿ ಹೊಳಪು ಬರಿಸಿದ್ದು. ತಕ್ಕ ಕೆಲಸ ಬರಲಿ ಎಂದು ಇಷ್ಟು ಕಾಲ ಇಟ್ಟುಕೊಂಡಿದ್ದರು. ಮಗಳ ಕೆಲಸಕ್ಕಿಂತ ತಕ್ಕದ್ದು ಇನ್ನೆಲ್ಲಿಂದ ಬರಬೇಕು?

ಸ್ಕ್ರೂ ತಲೆಗೆ ಅವು ಅಳೆದು ಮಾಡಿಸಿದ ಹಾಗೆ ಹೊಂದಿದವು. ತಾತ ಎದುರುಬದುರಾಗಿ ಚೂರು ಚೂರೇ ಬಿಗಿದರು. ಬೆರಳಿಗೆ ಸಾಕು ಎನ್ನಿಸಿದಲ್ಲಿ ನಿಲ್ಲಿಸಿದರು. ಮೇಲಿಂದ ನೋಡಿದರೆ ಸ್ಕ್ರೂ ತಲೆ ಮಾತ್ರ ಕಾಣುತ್ತಿತ್ತು. ಹೇಳಿಕೊಳ್ಳುವಂಥದ್ದೇನು, ಎಂದಾದರೂ ಬಿಚ್ಚಿದಾಗ ಕಾಣಲಿ ಎಂದುಕೊಂಡು ಡಬ್ಬಿ ಮುಚ್ಚಿದರು. ಪ್ಲಾಸ್ಟಿಕ್ ಚೂರುಗಳನ್ನು ಅಂಗೈಯಿಂದ ಕೆಳಗೆ ಸರಿಸಿದ್ದನ್ನು ಹೆಂಡತಿ ಕಸದ ಜೊತೆ ಗುಡಿಸಿ ಹಾಕಿದರು, ಕಸ ಕೆಳಗಿನ ಗಾಡಿಗೆ ಹೋಯಿತು.

ಮಗಳು ಬಂದು ಕೊಳವೆಗಳನ್ನು ಸಿಕ್ಕಿಸಿದಳು. ಮೊದಲು ನೀರಿನ ಪಂಪನ್ನು ಮಾತ್ರ ಓಡಿಸುತ್ತೇನೆ ಎಂದು, ಪ್ರತಿ ಕೀಲಿನ ಕೆಳಗೂ ತೆಳು ಕಾಗದ ಹಾಸಿದಳು. ಒಂದು ಹನಿ ಸೋರಿದರೂ ಕಾಗದ ಹೇಳುತ್ತದೆ. ಪಾರದರ್ಶಕ ಕೊಳವೆಯಲ್ಲಿ ನೀರು ಗುಳುಗುಳು ಎನ್ನುತ್ತ ಏರಿತು, ತಾಮ್ರದ ಗಟ್ಟಿಯೊಳಕ್ಕೆ ಹೊಕ್ಕಿತು, ಗುಳ್ಳೆಗಳನ್ನು ತಳ್ಳಿಕೊಂಡು ಇನ್ನೊಂದು ಬದಿಯಿಂದ ಹೊರಬಂತು. ಸ್ವಲ್ಪ ಹೊತ್ತಿಗೆ ಗುಳ್ಳೆ ಎಲ್ಲ ಹೋಗಿ, ನೀರು ಓಡುತ್ತಿದೆಯೋ ನಿಂತಿದೆಯೋ ತಿಳಿಯದಂತಾಯಿತು. ತಾತ ಕೊಳವೆಗೆ ಕಿವಿ ಹಚ್ಚಿದರು. ಬಹಳ ದೂರದಲ್ಲಿ ಯಾರೋ ನಡೆದು ಹೋದಷ್ಟು ಸದ್ದು.

ಕಾಗದಗಳು ಒಣಗಿಯೇ ಇದ್ದವು. ಮಧ್ಯಾಹ್ನದ ಊಟವಾದ ಮೇಲೆ ಮಗಳು, “ಈಗ ಎಲ್ಲಾ ಸೇರಿಸಿ” ಎಂದು ಗುಂಡಿ ಒತ್ತಿದಳು.

ಪೆಟ್ಟಿಗೆಯ ಹಿಂದಿನ ಪುಟ್ಟ ಫ್ಯಾನು ಅರ್ಧ ಸುತ್ತು ತಿರುಗಿ ನಿಂತುಬಿಟ್ಟಿತು. ಒಳಗೆಲ್ಲೋ ಟಿಕ್ ಎಂದಿತು. ಆಮೇಲೆ ಏನೂ ಇಲ್ಲ.

ಅವಳು ಮತ್ತೆ ಒತ್ತಿದಳು. ಮತ್ತೆ ಅರ್ಧ ಸುತ್ತು, ಮತ್ತೆ ಟಿಕ್.

“ನೀರು ಒಳಗೆ ಹೋಯ್ತು. ನಾನು ಆಗ್ಲೇ ಅಂದೆ” ಎಂದು ತಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡರು.

“ಇಲ್ಲಮ್ಮ, ಕಾಗದ ನೋಡು, ಒಣಗಿದೆ. ಇದು ಶಾರ್ಟು.” ಮಗಳ ದನಿ ತಗ್ಗಿತ್ತು. “ಸೇರಬಾರದ ಎರಡು ಕಡೆ ಎಲ್ಲೋ ಸೇರಿಕೊಂಡಿವೆ. ಕರೆಂಟು ಕೆಲಸಕ್ಕೆ ಹೋಗೋ ಬದಲು ಅಡ್ಡದಾರಿ ಹಿಡಿದು ವಾಪಸು ಓಡ್ತಾ ಇದೆ.”

“ಸುಟ್ಟುಹೋಗಿದೆಯಾ?” ತಾತ ಕೇಳಿದರು.

“ಗೊತ್ತಿಲ್ಲ ಅಪ್ಪ. ಸುಟ್ಟಿದ್ರೆ ಇಂಥದ್ದು ಇನ್ನೊಂದು ಬೇಗ ಸಿಗಲ್ಲ. ಕೆಲಸನೂ ನಿಲ್ಲುತ್ತೆ.” ಅವಳ ಕಣ್ಣು ಒಂದು ಗಳಿಗೆ ತಂದೆಯ ಮೇಜಿನ ಕಡೆ ಹೋಯಿತು. ಬೆಳಗಾದರೆ ಗಾಡಿ ಬರುವುದಿತ್ತು.

ಅವಳು ಗಾಬರಿಯಲ್ಲಿ ಎಲ್ಲವನ್ನೂ ಕಿತ್ತು ಹಾಕಲಿಲ್ಲ. ತಾತ ಅದನ್ನು ಗಮನಿಸಿದರು. ಮೊದಲು ಕಾರ್ಡನ್ನು ಮಾತ್ರ ಹೊರಗೆ ತೆಗೆದು ಪೆಟ್ಟಿಗೆಯನ್ನು ಓಡಿಸಿದಳು. ಓಡಿತು. ಅಂದರೆ ಮಿಕ್ಕದ್ದೆಲ್ಲ ನೆಟ್ಟಗಿದೆ, ಕಾಯಿಲೆ ಇರುವುದು ಕಾರ್ಡಿನಲ್ಲೇ. ನೀರು ಬಸಿದು, ಕೊಳವೆ ಬಿಚ್ಚಿ, ಕಾರ್ಡನ್ನು ತಾಮ್ರದ ಗಟ್ಟಿಯ ಸಮೇತ ಮೇಜಿನ ಮೇಲೆ ಇಟ್ಟಳು. ಮಲ್ಟಿಮೀಟರು ತಂದಳು. ಅದರ ಎರಡು ಸೂಜಿಗಳ ನಡುವೆ ದಾರಿ ಇದ್ದರೆ ಅದು ಕೂಗುತ್ತದೆ.

“ಇಲ್ಲಿ ಕರೆಂಟು ಒಳಗೆ ಬರೋದು. ಇಲ್ಲಿ ವಾಪಸು ಹೋಗೋದು. ಇವೆರಡರ ನಡುವೆ ನೇರ ದಾರಿ ಇರಬಾರದು, ಮೀಟರು ಸುಮ್ಮನಿರಬೇಕು” ಎಂದು ಸೂಜಿಗಳನ್ನು ಇಟ್ಟಳು.

ಮೀಟರು ಕೀ ಎಂದು ಒಂದೇ ಸಮ ಕೂಗಿತು. ತಾಯಿ ಕಿವಿ ಮುಚ್ಚಿಕೊಂಡರು.

“ಇಲ್ಲೇ ಇದೆ ಕಳ್ಳ. ಗಟ್ಟಿ ಬಿಚ್ಚಿಬಿಟ್ರೆ ಎಲ್ಲಿ ತಾಗಿತ್ತು ಅಂತ ಗೊತ್ತಾಗಲ್ಲ ಅಪ್ಪ. ಬಹುಶಃ ಮೆತ್ತನೆ ಪಟ್ಟಿ ತೆಳುವಾಗಿ ತಾಮ್ರ ಯಾವುದಕ್ಕೋ ಮುಟ್ಟಿದೆ. ನಾನು ಸೂಜಿ ಹಿಡಿದಿರ್ತೀನಿ. ನೀನು ಒಂದೊಂದೇ ಸ್ಕ್ರೂ ಸಡಿಲ ಮಾಡು. ಯಾವುದಕ್ಕೆ ಕೂಗು ನಿಲ್ಲುತ್ತೋ ಅದರ ಹತ್ತಿರವೇ ಇದೆ.”

ತಾತನ ಗಡಿಯಾರಗಳಲ್ಲೂ ಇದೇ ದಾರಿ. ಕುಂಟುತ್ತಿರುವಾಗಲೇ ಒಂದೊಂದು ಚಕ್ರವನ್ನೂ ಮುಟ್ಟಿ ನೋಡಬೇಕು, ನಿಲ್ಲಿಸಿ ಬಿಚ್ಚಿದರೆ ಕಾಯಿಲೆ ಓಡಿಹೋಗುತ್ತದೆ. ಇದನ್ನು ಅವರು ಮಗಳಿಗೆ ಹೇಳಿಕೊಟ್ಟಿರಲಿಲ್ಲ. ಬೇರೆ ಮೇಜಿನಲ್ಲಿ, ಬೇರೆ ವಿದ್ಯೆಯಲ್ಲಿ, ಅವಳು ತಾನೇ ಅಲ್ಲಿಗೆ ಬಂದು ನಿಂತಿದ್ದಳು.

ಅವರು ಸ್ಕ್ರೂಡ್ರೈವರು ಎತ್ತಿಕೊಂಡರು. ಮೊದಲನೆಯದನ್ನು ಅರ್ಧ ಸುತ್ತು ಸಡಿಲಿಸಿದರು, ಕೂಗು ಹಾಗೇ ಇತ್ತು. ಅದರ ಎದುರಿನದು. ಹಾಗೇ ಇತ್ತು. ಕಿಟಕಿಯ ಕಡೆಯದು, ಅದರ ಪಕ್ಕದ್ದು. ಕೆಳಗೆ ಹೊಲಿಗೆ ಯಂತ್ರ ಒಂದು ಓಡಿ ನಿಂತಿತು. ತಾತ ಮೂಲೆಯ ಸ್ಕ್ರೂವಿಗೆ ಬಂದು, ಕೂದಲೆಳೆಯಷ್ಟು ತಿರುಗಿಸಿದರು.

ಕೂಗು ಕಡಿದುಹೋಯಿತು.

ಆ ಕಡಿತವನ್ನು ತಾತ ಕಿವಿಗಿಂತ ಮೊದಲು ಬೆರಳಿನಲ್ಲಿ ಕೇಳಿದರು. ಕೋಣೆ ಅಷ್ಟೂ ಒಂದೇ ಸಲಕ್ಕೆ ದೊಡ್ಡದಾದ ಹಾಗಾಯಿತು. ಅವರು ಮತ್ತೆ ಕೂದಲೆಳೆಯಷ್ಟು ಬಿಗಿದರು. ಕೀ. ಸಡಿಲಿಸಿದರು. ಸದ್ದಿಲ್ಲ. ಕಣ್ಣಿಗೆ ಕಾಣದ, ಮೂಗಿಗೆ ಬಾರದ ಕರೆಂಟು ಎಂಬುದು ತಮ್ಮ ಎರಡು ಬೆರಳಿನ ನಡುವೆ ದಾಟುವುದೂ ನಿಲ್ಲುವುದೂ ಆಗುತ್ತಿತ್ತು. ಅದರ ಜೊತೆಗೇ, ಆ ಸ್ಕ್ರೂ ತಲೆಯ ಕೆಳಗೆ ಇರುವುದು ಏನು ಎಂಬುದೂ ಅವರಿಗೆ ನೆನಪಾಯಿತು.

“ಪುಟ್ಟಿ, ಅಲ್ಲಿ ಹಿತ್ತಾಳೆ ಇದೆ.”

“ಏನಪ್ಪಾ?”

“ವಾಷರು. ನಿನ್ನ ಪ್ಲಾಸ್ಟಿಕ್ ಚೂರು ನನಗೆ ಸರಿ ಕಾಣ್ಲಿಲ್ಲ. ಗುರುಗಳ ಡಬ್ಬೀಲಿದ್ದ ಹಿತ್ತಾಳೇದು ಹಾಕಿದೆ. ಎಲ್ಲದಕ್ಕೂ.”

ಮಗಳು ಸೂಜಿಗಳನ್ನು ಕೆಳಗಿಟ್ಟಳು. ಅವಳ ಮುಖ ತಾತನಿಗೆ ಮಬ್ಬಾಗಿ ಕಾಣುತ್ತಿತ್ತು, ಸಿಟ್ಟೋ ದುಃಖವೋ ತಿಳಿಯಲಿಲ್ಲ. ಅವರು ಉಸಿರಿನ ಸದ್ದಿಗೆ ಕಾದರು. ಮೂಲೆಯ ಸ್ಕ್ರೂವನ್ನು ಅವಳು ಪೂರ್ತಿ ತೆಗೆದಳು. ಹೊಳೆಯುವ ಪುಟ್ಟ ಉಂಗುರ ಅಂಗೈಗೆ ಬಿತ್ತು.

“ಇದಕ್ಕೆ ಹೊಳಪು ಯಾರು ಹಾಕಿದ್ದು?”

“ಗುರುಗಳೇ. ಬೂದೀಲಿ ತಿಕ್ತಾ ಇದ್ರು.”

“ಎಷ್ಟು ಚೆನ್ನಾಗಿದೆ” ಎಂದಳು ಅವಳು. ಅದನ್ನು ತಂದೆಯ ಮುಂದೆ ಇಟ್ಟಳು. “ಪ್ಲಾಸ್ಟಿಕ್ ಹಾಕೋದು ಅಗ್ಗ ಅಂತಲ್ಲ ಅಪ್ಪ. ಕರೆಂಟನ್ನ ದಾಟೋಕೆ ಬಿಡಲ್ಲ ಅಂತ. ಹಿತ್ತಾಳೆ ಅಂದ್ರೆ ಅದಕ್ಕೆ ಬಾಗಿಲು ತೆಗೆದಿಟ್ಟ ಹಾಗೆ. ನಾನಾದ್ರೂ ಹೇಳಿ ಹೋಗ್ಬೇಕಿತ್ತು. ಬಿಗಿ ಅಂತ ಮಾತ್ರ ಹೇಳಿದೆ.”

“ನೀನು ಹೇಳಿದ್ರೂ ಇವರು ಕೇಳ್ತಿದ್ರಾ?” ಎಂದರು ತಾಯಿ. “ನಮ್ಮ ಮದುವೇಲಿ ಪ್ಲಾಸ್ಟಿಕ್ ಬಾಚಣಿಗೆ ಕೊಟ್ಟೋರ ಮನೆಗೆ ಇವತ್ತಿಗೂ ಹೋಗಲ್ಲ ಇವರು. ಗಡಿಯಾರದ ಮುಖಕ್ಕೆ ಗಾಜು ಅಂತ ಹಾಕ್ತೀರಲ್ಲ, ಅರ್ಧಕ್ಕರ್ಧ ಪ್ಲಾಸ್ಟಿಕ್ಕೇ ತಾನೆ?”

ತಾತ ಭೂತಗನ್ನಡಿ ಹಚ್ಚಿ ಸ್ಕ್ರೂ ಇದ್ದ ಜಾಗ ನೋಡಿದರು. ಹಲಗೆಯ ಕರಿಯ ಬಣ್ಣ ಒಂದು ಕಡೆ ಉಗುರಿನ ಗೀರಿನಷ್ಟು ಸವೆದು, ಕೆಳಗಿನ ತಾಮ್ರ ಮಿನುಗುತ್ತಿತ್ತು. ಪಕ್ಕದಲ್ಲೇ ಗಸಗಸೆಯ ಸಾಲು. “ಒಂದೂ ಕದಲಿಲ್ಲ. ಕಪ್ಪಾಗಿಲ್ಲ. ಬೆಸುಗೆ ಹಾಗೇ ಇದೆ” ಎಂದು ಒಂದೊಂದಾಗಿ ಒಪ್ಪಿಸಿದರು. ಆಮೇಲೆ ಮೆಲ್ಲಗೆ, “ಬದುಕುತ್ತಾ?” ಎಂದು ಕೇಳಿದರು.

“ಬದುಕಬೇಕು. ಟಿಕ್ ಅಂದಿತ್ತಲ್ಲ, ಅದು ಪೆಟ್ಟಿಗೆಯೊಳಗೆ ಕರೆಂಟು ಹಂಚೋ ಡಬ್ಬ ತಾನಾಗೇ ಬಾಗಿಲು ಹಾಕಿಕೊಂಡ ಸದ್ದು. ಶಾರ್ಟು ಅಂತ ಗೊತ್ತಾದ ಕ್ಷಣವೇ ನಿಲ್ಲಿಸಿಬಿಡುತ್ತೆ, ಏನೂ ಸುಡಬಾರದು ಅಂತ.”

ತಮ್ಮನ್ನು ಹೆದರಿಸಿದ ಆ ಸದ್ದೇ ಕಾರ್ಡನ್ನು ಕಾಪಾಡಿದ್ದು. ಎಷ್ಟೋ ದೂರದಲ್ಲಿ, ಮುಖ ಕಾಣದ ಯಾರೋ ಒಬ್ಬರು, ಯಾವುದೋ ಮನೆಯ ಮುದುಕ ಹೀಗೊಂದು ತಪ್ಪು ಮಾಡಬಹುದು ಎಂದು ಮೊದಲೇ ಯೋಚಿಸಿ ಅಲ್ಲೊಂದು ಕಾವಲು ಕೂರಿಸಿದ್ದರು. ತಾತ ಆ ಡಬ್ಬವನ್ನು ಒಂದು ಸಲ ಕೈಯಿಂದ ಸವರಿದರು.

ಪ್ಲಾಸ್ಟಿಕ್ ವಾಷರುಗಳು ಕಸದ ಗಾಡಿಯಲ್ಲಿ ಎಲ್ಲಿಗೋ ಹೋಗಿದ್ದವು. ತಾತ ಖಾನೆಯಿಂದ ಗಡಿಯಾರದ ಕಲ್ಲುಗಳ ಡಬ್ಬಿಯನ್ನು ತೆಗೆದು, ಅದರ ತೆಳು ಪ್ಲಾಸ್ಟಿಕ್ ಮುಚ್ಚಳವನ್ನು ಕತ್ತರಿಸಿದರು. ಬೆಲ್ಟಿಗೆ ತೂತು ಹೊಡೆಯುವ ಉಳಿಯಿಂದ ನಡುವೆ ತೂತು ಮಾಡಿ, ಸುತ್ತಲೂ ಅರದಿಂದ ದುಂಡಗೆ ಉಜ್ಜಿದರು. ಸಂಜೆಯ ಬೆಳಕು ಹೋಗುವಷ್ಟರಲ್ಲಿ ಅಷ್ಟೂ ವಾಷರು ಸಿದ್ಧವಾದವು, ಒಂದಕ್ಕೊಂದು ಅಣ್ಣತಮ್ಮಂದಿರ ಹಾಗೆ. ಮಗಳು ಗೀರಿನ ಮೇಲೆ ಬಿಸಿ ತಡೆಯುವ ಟೇಪಿನ ತುಣುಕು ಅಂಟಿಸಿದಳು. ತಾತ ಬಿಗಿದರು. ಸೂಜಿ ಇಟ್ಟರೆ ಮೀಟರು ತುಟಿ ಬಿಚ್ಚಲಿಲ್ಲ. ಮತ್ತೆ ಕೊಳವೆ, ಮತ್ತೆ ನೀರು, ಮತ್ತೆ ಒಣ ಕಾಗದ.

“ನೀನೇ ಒತ್ತು ಅಪ್ಪ.”

“ನನ್ನ ಕೈಗುಣ ನೋಡಿದ್ಯಲ್ಲ. ನಿಮ್ಮಮ್ಮ ಒತ್ತಲಿ.”

“ಕೈ ಒದ್ದೆ ಇದೆ” ಎಂದು ತಾಯಿ ಸೆರಗಿನಲ್ಲಿ ಎರಡೆರಡು ಸಲ ಒರೆಸಿಕೊಂಡು, ಬಿಸಿ ಪಾತ್ರೆ ಮುಟ್ಟುವವರಂತೆ ಗುಂಡಿ ಮುಟ್ಟಿ ಹಿಂದೆ ಸರಿದರು.

ಫ್ಯಾನು ಅರ್ಧ ಸುತ್ತು ತಿರುಗಿತು, ಒಂದು ಸುತ್ತು ತಿರುಗಿತು, ತಿರುಗುತ್ತಲೇ ಇತ್ತು. ಪರದೆ ಬೆಳಗಿತು. ಮಗಳು ಕುರ್ಚಿಗೆ ಒರಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಕ್ಕಳು.

ಮಾರನೆಯ ಬೆಳಿಗ್ಗೆ ತಾತ ಮುಖ ತೊಳೆದು ಬಂದಾಗ ಕೋಣೆ ಸದ್ದಿಲ್ಲದೆ ಇತ್ತು. “ಕೆಲಸ ಶುರು ಮಾಡಿಲ್ವಾ?” ಎಂದರು, ಪೆಟ್ಟಿಗೆಯ ಕಡೆ ಬಗ್ಗಿ.

“ಆಗ್ಲಿಂದ ಓಡ್ತಾನೇ ಇದೆ. ದೊಡ್ಡ ಚಿತ್ರ. ಕೊಳವೆ ಮುಟ್ಟಿ ನೋಡು.”

ಮುಟ್ಟಿದರು. ಮಗುವಿನ ಕೈಯಷ್ಟು ಬೆಚ್ಚಗಿತ್ತು. ಕಟ್ಟಿರದ ಯಾವುದೋ ಮನೆಯ ಬಿಸಿಲೆಲ್ಲ ಆ ಕೊಳವೆಯಲ್ಲಿ ಹರಿದು ಹೋಗುತ್ತಿತ್ತು, ಪಿಸುಮಾತಿನಷ್ಟು ಸದ್ದೂ ಮಾಡದೆ. ತಾತ ಹಾಗೇ ಕೈ ಇಟ್ಟುಕೊಂಡು ನಿಂತಿರುವಾಗ ಗೋಡೆಯ ಗಡಿಯಾರಗಳು ಒಂದೊಂದಾಗಿ ಕಿವಿಗೆ ಬಂದವು. ಮೊದಲು ಮೂಲೆಯದು, ಬಾಗಿಲ ಮೇಲಿನದು, ಆಮೇಲೆ ಚುರುಕು ಕಾಲಿನ ಸಣ್ಣದು. ಎಲ್ಲಕ್ಕಿಂತ ಕೆಳಗಿನ ದನಿಯಲ್ಲಿ ಶಾಲೆಯದು. ಊರಿನಿಂದ ನೆಂಟರು ಒಬ್ಬೊಬ್ಬರಾಗಿ ಬಂದಿಳಿದ ಹಾಗೆ.

ಅವರು ಮೇಜಿಗೆ ಕೂತು ಒಂದು ಕೈಗಡಿಯಾರ ಬಿಚ್ಚಿಕೊಂಡರು. ಕಣ್ಣು ಅದರ ಮೇಲೆ, ಕಿವಿ ಶಾಲೆಯದರ ಮೇಲೆ.

ಮೆಟ್ಟಿಲ ಮೇಲೆ ಏದುಸಿರು ಕೇಳಿತು. ಕನ್ನಡಕದವರು ಹೆಗಲ ಮೇಲೆ ಹಗ್ಗದ ಸುರುಳಿ ಹಾಕಿಕೊಂಡು ಬಂದರು. “ಏನಯ್ಯಾ, ಗಾಡಿ ಕೆಳಗೆ ನಿಲ್ಲಿಸಿದೀನಿ. ಮೇಜು ಇನ್ನೂ ಖಾಲಿ ಮಾಡಿಲ್ವಲ್ಲ ನೀನು.”

ತಾತ ಒಂದು ಬೆರಳು ಎತ್ತಿದರು. ಕನ್ನಡಕದವರು ಬಾಯಿ ತೆರೆದವರು ಹಾಗೇ ನಿಂತರು. ಶಾಲೆಯ ಗಡಿಯಾರದ ಟಿಕ್ ಒಂದು ಗಳಿಗೆ ಬಡವಾಯಿತು, ಹೊರೆ ಹೊತ್ತವನ ಕಾಲಿನ ಹಾಗೆ. ಮತ್ತೆ ಒಂದು ಬಡ ಟಿಕ್, ಇನ್ನೊಂದು. ಆಮೇಲೆ ಸುಧಾರಿಸಿಕೊಂಡಿತು. ತಾತ ಎದ್ದು ಹೋಗಿ ಗಡಿಯಾರದ ಮುಖಕ್ಕೆ ಭೂತಗನ್ನಡಿ ಒಡ್ಡಿದರು. ನಿಮಿಷದ ಮುಳ್ಳು ಆಗಷ್ಟೇ ಗಂಟೆಯ ಮುಳ್ಳನ್ನು ದಾಟಿತ್ತು.

“ತಗುಲ್ತಾ ಇದೆ” ಎಂದರು. ಅವರ ದನಿ ಪಿಸುಗುಟ್ಟುವಷ್ಟೇ ಇತ್ತು. “ಪುಟ್ಟಿ, ಇದೂ ಶಾರ್ಟೇ ಕಣೆ. ಒಂದು ಮುಳ್ಳು ಇನ್ನೊಂದನ್ನ ದಾಟುವಾಗ ಕೂದಲೆಳೆಯಷ್ಟು ತಗುಲ್ತಾ ಇದೆ. ಕೀಲಿ ಬಿಗಿಯಾಗಿದ್ದಾಗ ದಾಟ್ಕೊಂಡು ಹೋಗುತ್ತೆ, ಸಡಿಲಾದಾಗ ಅಲ್ಲೇ ನಿಂತುಬಿಡುತ್ತೆ.”

ಬಾಗಿದ್ದ ಗಂಟೆಮುಳ್ಳನ್ನು ಚಿಮಟದಿಂದ ಹಿಂದಕ್ಕೆ ಒತ್ತಿದರು. ಅಷ್ಟೇ ಕೆಲಸ. ಆದರೂ ಅವರು ಕನ್ನಡಕದವರನ್ನು ಕುರ್ಚಿಯಲ್ಲಿ ಕೂರಿಸಿ, “ಮುಳ್ಳು ಇನ್ನೊಂದು ಸಲ ದಾಟ್ಲಿ, ಕೇಳಿ ಆಮೇಲೆ ಮಾತಾಡೋಣ” ಎಂದರು.

“ಅಂದ್ರೆ ಗಂಟೆ ಮೇಲಾಗುತ್ತಲ್ಲಯ್ಯಾ. ಗಾಡಿಯೋನು ಕೆಳಗೆ ಕಾಯ್ತಾ ಇದಾನೆ.”

“ಅವನಿಗೂ ಚಹಾ ಕಳಿಸ್ತೀನಿ” ಎಂದು ತಾಯಿ ಒಳಗೆ ಹೋದರು. ಆಕೆಯ ಕಾಲಿನಲ್ಲಿ ಹುಡುಗಿಯ ಚುರುಕಿತ್ತು.

ಚಹಾ ಆಯಿತು, ಎರಡನೆಯ ಚಹಾವೂ ಆಯಿತು. ಕನ್ನಡಕದವರು ಮಗಳ ಪೆಟ್ಟಿಗೆಯ ಮುಂದೆ ಕೂತು, ನೀರು ಓಡುವುದನ್ನು ಕಾಣದೆ, ಓಡುತ್ತಿದೆ ಎಂದು ನಂಬದೆ, ಕೊಳವೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಮುಳ್ಳುಗಳು ಹತ್ತಿರ ಬಂದಾಗ ಎಲ್ಲರೂ ಸುಮ್ಮನಾದರು. ಟಿಕ್, ಟಕ್. ಒಂದರ ಮೇಲೊಂದು ಬಂದವು, ದಾಟಿದವು. ನಡಿಗೆ ಎಲ್ಲೂ ಬದಲಾಗಲಿಲ್ಲ. ತಾಯಿ ತಲೆ ವಾಲಿಸಿ ಕೇಳುತ್ತಿದ್ದವರು, “ಈಗ ನನಗೂ ಗೊತ್ತಾಯ್ತು. ಸಮ ಇದೆ” ಎಂದರು. ತಾತ ಹೆಂಡತಿಯ ಕಡೆ ತಿರುಗಿ ನೋಡಿದರು. ಮಬ್ಬು ಮಬ್ಬಾಗಿಯೇ ಕಂಡರೂ ಬಹಳ ಹೊತ್ತು ನೋಡಿದರು.

“ಹಾಗಾದ್ರೆ ಮೇಜು ಇಲ್ಲ ಅನ್ನು” ಎಂದರು ಕನ್ನಡಕದವರು, ಎದ್ದು ಹಗ್ಗ ಎತ್ತಿಕೊಳ್ಳುತ್ತ.

“ಮೇಜು ಇಲ್ಲ. ಆದ್ರೆ ನಿನ್ನ ಗಾಡಿ ಬರಿದೇ ಹೋಗೋದು ಬೇಡ.”

ಶಾಲೆಯ ಗಡಿಯಾರವನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ, ಮೇಜಿಗೆಂದು ತಂದ ಹಗ್ಗದಲ್ಲೇ ಕಟ್ಟಿದರು. ಹಗ್ಗ ಅರ್ಧಕ್ಕಿಂತ ಹೆಚ್ಚು ಮಿಕ್ಕಿತು. ಕನ್ನಡಕದವರು ಒಂದು ಬದಿ, ತಾತ ಒಂದು ಬದಿ ಹಿಡಿದು ಮೆಟ್ಟಿಲಿಳಿದರು. ಹೊದಿಕೆಯ ಒಳಗಿಂದ ಗಡಿಯಾರ, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ, ತಾತನಿಗೆ ಮಾತ್ರ ಕೇಳುವ ಹಾಗೆ, ನಡೆಯುತ್ತಲೇ ಇತ್ತು.